ಅಂಗವಿಕಲರ ಗಾಡಿಗೆ ಮನೆಯ ಮುಂದೆ ಸ್ಥಳ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮೊದಲಾದ ಬಡಾವಣೆಗಳ ಬೀದಿಗಳು ಮೋಟಾರುಗಾಡಿಗಳ ಕಾಲಕ್ಕೆ ಮುಂಚೆ ರಚಿತವಾದವು. ಮೊದಲು ಬಂದವನಿಗೆ ಸ್ಥಳವೆಂಬುದೇ ಇಂದು ಅಲ್ಲಿಯ ಕಟ್ಟಳೆ. ಕಾಲಿನಲ್ಲಿ ಬಲವುಳ್ಳವನು ಗಾಡಿಯನ್ನು ಆಚೆಯ ಬೀದಿಯಲ್ಲಿಟ್ಟು ನಡೆದು ಬಂದಾನು. ಊರುಗೋಲನ್ನು ನಂಬಿದವನು ಏನು ಮಾಡಬೇಕು?

ಶಾಸನಕ್ಕೆ ಕೊರತೆಯಿಲ್ಲ. ಬಸ್ಸು, ರೈಲು, ವಿಮಾನ ನಿಲ್ದಾಣಗಳಲ್ಲಿ ಗಾಡಿ ನಿಲ್ಲಿಸುವ ಸ್ಥಳವೂ ಅಂಗವಿಕಲರಿಗೆ ಸುಗಮವಾಗಿರಬೇಕೆಂದು 2016ರ ಅಧಿನಿಯಮವು ವಿಧಿಸಿದೆ. ಇಂತಹ ಸೌಕರ್ಯದ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರತಕ್ಕದ್ದೆಂದು 2024ರ ನವಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಮನೆಯ ಮುಂದಿನ ಬೀದಿಯ ಮಾತೇನು? ಅರ್ಜಿ ಸಲ್ಲಿಸಿ, ವೈದ್ಯಾಧಿಕಾರಿಗಳ ಪರೀಕ್ಷೆಗೊಳಗಾಗಿ, ನೂರಕ್ಕೆ 40 ಅಥವಾ ಹೆಚ್ಚು ವೈಕಲ್ಯವುಂಟೆಂದು ಗುರುತುಚೀಟಿ ಪಡೆದವನಿಗೂ ಆ ಚೀಟಿಯೊಂದರಿಂದಲೇ ಬೀದಿಯಲ್ಲಿ ಗೇಣು ಸ್ಥಳವೂ ದೊರೆಯದು.

ಇಂಗ್ಲೆಂಡಿನಲ್ಲಿ 1970ರ ಶಾಸನದಿಂದ ಹುಟ್ಟಿದ ಪದ್ಧತಿಯೊಂದುಂಟು. ಅಲ್ಲಿಯ ನೀಲಿಬಿಲ್ಲೆಯು ವ್ಯಕ್ತಿಗೆ ಸಲ್ಲತಕ್ಕದ್ದು. ಅವನು ಯಾರ ಗಾಡಿಯಲ್ಲಿ ಹೋದರೂ ನಡೆಯುತ್ತದೆ. ಹೆಚ್ಚೆಂದರೆ ಮೂರು ವರ್ಷಗಳ ಅವಧಿ ಮುಗಿದೊಡನೆ ಪುನಃ ಅರ್ಜಿ ಹಾಕಬೇಕು.

ನಮ್ಮ ನಗರದ ಐದು ಪಾಲಿಕೆಗಳವರೂ ಇರುವ ಗುರುತುಚೀಟಿಯನ್ನೇ ಆಧಾರವಾಗಿಟ್ಟುಕೊಂಡು, ಎರಡನೆಯ ಪರೀಕ್ಷೆಯ ತೊಡಕಿಲ್ಲದೆ, ಅರ್ಹರ ಮನೆಯ ಸಮೀಪದಲ್ಲಿ ಒಂದೊಂದು ಸ್ಥಳವನ್ನು ಗುರುತುಮಾಡಿಕೊಡಬೇಕೆಂದು ವಿಜ್ಞಾಪಿಸುತ್ತೇವೆ. ಅರ್ಜಿಗೆ ಇಷ್ಟೇ ದಿನಗಳೊಳಗೆ ಉತ್ತರವೆಂಬ ನಿಯಮವೂ ಇರಲಿ.

ಪೌರರಿಗೂ ಒಂದು ಮಾತು. ಅಂತಹ ಸ್ಥಳದಲ್ಲಿ ಎರಡೇ ನಿಮಿಷವೆಂದು ಗಾಡಿ ನಿಲ್ಲಿಸುವವರು, ಬಿಸಿಲಿನಲ್ಲಿ ಊರುಗೋಲನ್ನೂರಿ ನಿಂತವನಿಗೆ ಆ ಎರಡು ನಿಮಿಷಗಳು ಎಷ್ಟು ದೀರ್ಘವೆಂಬುದನ್ನು ಆಲೋಚಿಸಲಿ.