ಹಳೆಯ ದೊಡ್ಡ ನೆಗೆಟಿವುಗಳಿಗೆ ಮನೆಯಲ್ಲಿಯೇ ಡಿಜಿಟಲ್ ಪ್ರತಿ ತೆಗೆಯುವ ಕ್ರಮ

ನಮ್ಮ ಶಾಲೆಯ ತರಗತಿ ಚಿತ್ರಗಳ ಮೂಲ ನೆಗೆಟಿವುಗಳು ಬಹು ವರ್ಷಗಳಿಂದ ಆಫೀಸಿನ ಬೀರುವಿನಲ್ಲಿರುವುವು. ಅತಿ ಹಳೆಯವು ಗಾಜಿನ ಪ್ಲೇಟುಗಳು; ತರುವಾಯದವು ೪ ಅಂಗುಲ ಅಗಲ, ೫ ಅಂಗುಲ ಉದ್ದದ ಫಿಲ್ಮುಗಳು. ಇಂಥವು ಹಳೆಯ ವಿದ್ಯಾರ್ಥಿನಿಯರ ಮನೆಗಳ ಪೆಟ್ಟಿಗೆಗಳಲ್ಲಿಯೂ ಇರುವುದುಂಟು. ಗೋಡೆಯ ಮೇಲಿನ ಕಾಗದದ ಪ್ರತಿಯು ಮಾಸಿಹೋದರೂ ನೆಗೆಟಿವಿನಲ್ಲಿ ಹಿಂದಿನ ಸಾಲಿನ ಹುಡುಗಿಯ ಮುಖವು ಸ್ಪಷ್ಟವಾಗಿ ಉಳಿದಿರುವುದು. ಎಷ್ಟೋ ಮಂದಿಯ ಬಾಲ್ಯದ ಚಿತ್ರ ಅದೊಂದೇ. ಆದರೆ ಕರಾವಳಿಯ ಮಳೆಗಾಲವು ಜೆಲಟಿನ್ ಲೇಪಕ್ಕೆ ಶತ್ರು. ಬೂಷ್ಟು ಹಿಡಿದು, ಲೇಪವು ಗಾಜಿನಿಂದ ಏಳುತ್ತ ಬರುತ್ತದೆ. ಆದಕಾರಣ ಪ್ರತಿ ತೆಗೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಎಚ್ಚರಿಕೆ. ಫಿಲ್ಮಿನ ಅಂಚಿನಲ್ಲಿ ಸೇಫ್ಟಿ ಎಂಬ ಇಂಗ್ಲಿಷ್ ಮಾತು ಅಚ್ಚಾಗಿದ್ದರೆ ಭಯವಿಲ್ಲ. ನೈಟ್ರೇಟ್ ಎಂದಿದ್ದರೆ, ಅಥವಾ ಹಳದಿಗಟ್ಟಿ ಅಂಟಂಟಾಗಿದ್ದರೆ, ಅದು ಬಹು ಬೇಗನೆ ಹೊತ್ತಿಕೊಳ್ಳುವ ವಸ್ತುವೆಂದು ತಿಳಿದು, ಬಿಸಿಯಿಂದ ದೂರವಾಗಿ ಪ್ರತ್ಯೇಕಿಸಿಟ್ಟು, ಬಲ್ಲವರನ್ನು ಕೇಳತಕ್ಕದ್ದು. ಲೇಪವಿರುವ ಮಂಕು ಬದಿಯನ್ನು ಒರೆಸಕೂಡದು. ಹಿಂದಿನ ಸ್ಟುಡಿಯೋದವರು ಮುಖದ ಕಲೆಗಳನ್ನು ಮರೆಸಲು ಅದರ ಮೇಲೆಯೇ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಒರೆಸಿದರೆ ಅದೂ ಹೋಗುವುದು. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು.

ಬೇಕಾದದ್ದು ಒಂದು ಡಿಜಿಟಲ್ ಕ್ಯಾಮರಾ, ಸಮೀಪದ ವಸ್ತುಗಳನ್ನು ತೆಗೆಯುವ ಮ್ಯಾಕ್ರೋ ಲೆನ್ಸು, ಅಲುಗಾಡದ ಸ್ಟ್ಯಾಂಡು, ಕೆಳಗಿನಿಂದ ಸಮನಾಗಿ ಬರುವ ಬಿಳಿಯ ಬೆಳಕು. ಟ್ಯಾಬ್ಲೆಟ್ಟಿನ ಪರದೆಯನ್ನು ಬಿಳಿ ಮಾಡಿ ಬಳಸಬಹುದು. ಆದರೆ ಎರಡು ಮೂರು ಅಂಗುಲ ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನಿಡದಿದ್ದರೆ ಪರದೆಯ ಚುಕ್ಕೆಗಳು ಚಿತ್ರದಲ್ಲಿ ಮೂಡುವುವು. ನೆಗೆಟಿವನ್ನು ಆ ಹಾಳೆಯ ಮೇಲಿಟ್ಟು, ಸುತ್ತಲೂ ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪವನ್ನು ಆರಿಸಬೇಕು.

ಎಲ್ಲಕ್ಕಿಂತಲೂ ಕಷ್ಟವಾದುದು ಕ್ಯಾಮರಾವನ್ನು ನೆಗೆಟಿವಿಗೆ ಸಮಾನಾಂತರವಾಗಿ ನಿಲ್ಲಿಸುವುದು. ಕಿಂಚಿತ್ತು ವಾಲಿದರೂ ಒಂದು ಮೂಲೆ ಮಬ್ಬಾಗುತ್ತದೆ. ಇದಕ್ಕೊಂದು ಸುಲಭೋಪಾಯವುಂಟು. ನೆಗೆಟಿವಿನ ಸ್ಥಳದಲ್ಲಿ ಚಿಕ್ಕ ಕನ್ನಡಿಯನ್ನಿಟ್ಟು ಕ್ಯಾಮರಾದಲ್ಲಿ ನೋಡಬೇಕು. ಲೆನ್ಸಿನ ಪ್ರತಿಬಿಂಬವು ಚೌಕದ ನಟ್ಟನಡುವೆ ಕಂಡರೆ ಸರಿಯಾಯಿತು.

ಐ.ಎಸ್.ಓ. ೧೦೦, ರಂಧ್ರ ಎಫ್ ೮, ರಾ ಫೈಲು, ೨ ಸೆಕೆಂಡಿನ ಟೈಮರು: ಇಷ್ಟು ಸಾಕು. ಬೆಳಕು ಹೆಚ್ಚಾಗಕೂಡದು. ನೆಗೆಟಿವಿನಲ್ಲಿ ತಿಳಿಯಾಗಿ ಕಾಣುವ ಭಾಗವೇ ನಮ್ಮ ಹುಡುಗಿಯರ ಕಪ್ಪು ಜಡೆ. ಅಲ್ಲಿ ಬೆಳಕು ತುಂಬಿ ತುಳುಕಿದರೆ ಕೂದಲ ಎಳೆಗಳು ಮತ್ತೆ ಸಿಕ್ಕವು. ಅಡ್ಡ ೬,೦೦೦, ಉದ್ದ ೪,೦೦೦ ಚುಕ್ಕೆಗಳ ಕ್ಯಾಮರಾದಲ್ಲಿ ೪ ಅಂಗುಲದ ಬದಿಗೆ ಅಂಗುಲವೊಂದಕ್ಕೆ ೧,೦೦೦ ಚುಕ್ಕೆ ದೊರೆಯುತ್ತದೆ. ಹೀಗಾದರೆ ಅರ್ಧಪಾಲು ಕಾಲಂಗುಲದ ಮುಖಕ್ಕೆ ೧೨೫ ಮಾತ್ರ. ಗುರುತಿಸಲು ಇದು ಕಡಿಮೆಯೆನಿಸಿದರೆ, ಕ್ಯಾಮರಾವನ್ನು ಹತ್ತಿರ ತಂದು ನಿಲ್ಲಿಸಿ, ಅದನ್ನು ಕದಲಿಸದೆ ನೆಗೆಟಿವನ್ನೇ ಸರಿಸಿ, ಒಂದರ ಅಂಚು ಇನ್ನೊಂದರಲ್ಲಿ ಸೇರುವಂತೆ ನಾಲ್ಕು ಭಾಗಗಳಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಆಗ ಅದೇ ಮುಖಕ್ಕೆ ೨೦೦ಕ್ಕೂ ಹೆಚ್ಚು ಬರುವುದು.

ಕಪ್ಪು ಬಿಳುಪುಗಳನ್ನು ತಿರುಗಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಮಂಕು ಬದಿಯನ್ನು ಕ್ಯಾಮರಾದ ಕಡೆಗಿಟ್ಟು ತೆಗೆದಿದ್ದರೆ ಎಡಬಲಗಳನ್ನೂ ತಿರುಗಿಸಬೇಕು. ಚಿತ್ರದಲ್ಲಿ ಸ್ಲೇಟು ಇದ್ದರೆ ಅದರ ಅಕ್ಷರಗಳು ತಿಳಿಸುವುವು. ಇಲ್ಲವಾದರೆ ಸೀರೆಯ ಸೆರಗನ್ನು ನೋಡಬಹುದು. ಎಲ್ಲರ ಸೆರಗೂ ಬಲ ಹೆಗಲ ಮೇಲಿದ್ದರೆ ಚಿತ್ರ ತಿರುಗಿದೆಯೆಂದೇ ಅರ್ಥ. ಕೊಡಗಿನ ಉಡುಗೆಯವರ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ನಡೆಯದು!

೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಳೆಯ ಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿ ಯಾರಾದರೂ ನೋಡಬಹುದು. ಅಲ್ಲಿ ಮಿಶನರಿಯ ಹೆಸರಿದ್ದು, ಪಕ್ಕದಲ್ಲಿ ನಿಂತ ನಮ್ಮ ನಾಡಿನ ಹೆಂಗಸಿನ ಹೆಸರಿಲ್ಲದ ಚಿತ್ರಗಳುಂಟು. ನಮ್ಮ ಶಾಲೆಯ ಮಕ್ಕಳಿಗೆ ಹಾಗಾಗುವುದು ನಮಗೆ ಸಮ್ಮತವಲ್ಲ. ೧೯೫೦ರ ದಶಕದಲ್ಲಿ ಇಲ್ಲಿ ಓದಿದವರು ಈಗ ಎಂಬತ್ತರ ಆಚೀಚೆ ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸಿ, ಹೆಸರುಗಳನ್ನು ಎಡದಿಂದ ಬಲಕ್ಕೆ ಸಾಲುಸಾಲಾಗಿ ಬರೆದುಕೊಳ್ಳಲಿ. ಮದುವೆಗೆ ಮುಂಚಿನ ಹೆಸರೇ ಬೇಕು. ಶಾಲೆಯ ರಿಜಿಸ್ಟರಿನಲ್ಲಿರುವುದು ಅದೇ. ಹೆಸರಿನ ಪಟ್ಟಿಯನ್ನೂ ಚಿತ್ರದ ಪ್ರತಿಯನ್ನೂ ಆಫೀಸಿಗೆ ಕಳುಹಿಸಿದರೆ ರಿಜಿಸ್ಟರಿನೊಡನೆ ಹೋಲಿಸಿ ನೋಡುತ್ತೇವೆ. ನೆಗೆಟಿವನ್ನು ಮಾತ್ರ ಎಸೆಯದೆ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು ತೇವವಿಲ್ಲದ ಕಡೆ ಇರಿಸತಕ್ಕದ್ದು.