ಕಹಿಯನ್ನು ಕಳೆಯದ ಅಡಿಗೆ

ಸಿಹಿ ಬೇಕು, ಕಹಿ ಬೇಡ ಎಂಬುದು ನಾಲಿಗೆಯ ಸಹಜ ಬಯಕೆ. ಊಟದ ತಟ್ಟೆಯಲ್ಲಿ ತೊಡಗುವ ಈ ಆಯ್ಕೆಯು ಮನೆಯ ಮಾತುಕತೆಗೂ ಮಕ್ಕಳ ಪಾಲನೆಗೂ ಹಬ್ಬುವುದನ್ನು ನಾವು ಕಾಣುತ್ತೇವೆ. ಕಹಿಯನ್ನು ಹೊರದೂಡದೆ ಅದಕ್ಕೊಂದು ಯೋಗ್ಯ ಸ್ಥಾನ ಕಲ್ಪಿಸುವ ಅಡಿಗೆಯೊಂದು ಇಟಲಿಯ ಈಶಾನ್ಯದ ವೆನೆತೊ ಪ್ರಾಂತ್ಯದಲ್ಲಿದೆ. ಸುಟ್ಟ ಸಿಹಿಗುಂಬಳವನ್ನು ಕಹಿ ಸೊಪ್ಪಿನೊಡನೆ ಬೆರೆಸಿ ಮಾಡುವ ಶರತ್ಕಾಲದ ಸಲಾಡ್ ಅದು.

ಇದರಲ್ಲಿ ಸಿಹಿಯೇ ಪರದೇಶಿ, ಕಹಿ ಸ್ವದೇಶಿ. ಕುಂಬಳವು ಯೂರೋಪಿಗೆ ಬಂದದ್ದು ಅಮೆರಿಕ ಖಂಡದಿಂದ, 1492ರ ತರುವಾಯ. ವೆನಿಸ್ ಹಿನ್ನೀರಿನ ದಕ್ಷಿಣ ತುದಿಯಲ್ಲಿರುವ ಮೀನುಗಾರರ ಪಟ್ಟಣ ಕಿಯೊಜ್ಜಾದಲ್ಲಿ ಬೆಳೆಯುವ ತಳಿಗೆ ಬೂದು ಹಸಿರಿನ ಗಂಟುಗಂಟಾದ ಸಿಪ್ಪೆ. ಆದರೆ ಒಳಗಿನ ತಿರುಳು ಕಿತ್ತಳೆ ಬಣ್ಣದ್ದು, ಬಲು ಸಿಹಿ.

ಕಹಿಯ ಪಾಲು ತ್ರೆವೀಸೊ ಜಿಲ್ಲೆಯ ಕೆಂಪು ರಾದಿಕ್ಕಿಯೊ ಸೊಪ್ಪಿನದು. ಜಗದ್ಗುರು ಸಂತ ಹತ್ತನೇ ಪಯಸ್‌ರವರು 1835ರಲ್ಲಿ ಜನಿಸಿದ ರಿಯೆಸೆ ಗ್ರಾಮವೂ ಇದೇ ಜಿಲ್ಲೆಯಲ್ಲಿದೆ. ಈ ಸೊಪ್ಪು ನಮಗೆ ತೀರ ಅಪರಿಚಿತವೇನಲ್ಲ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯೂ ಇದೇ ಜಾತಿಯ ಸಸ್ಯದ ಬೇರು. ತಡವಾಗಿ ಕೊಯ್ಯುವ ತಳಿಯನ್ನು ನವೆಂಬರ್ ತಿಂಗಳಿನಿಂದ, ಚಳಿಗೆ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ಬೇರುಸಹಿತ ಕೀಳುತ್ತಾರೆ. ಬಳಿಕ ಅದರ ಬೇರುಗಳನ್ನು ಕತ್ತಲೆಯಲ್ಲಿ, ಹರಿಯುವ ಒರತೆ ನೀರಿನಲ್ಲಿ ಮುಳುಗಿಸಿಡುತ್ತಾರೆ. ಹೊರಗಿನ ಎಲೆಗಳು ಕೊಳೆತುಹೋಗುತ್ತವೆ. ಒಳಗಿನಿಂದ ಬಿಳಿ ದಂಟಿನ ಗರಿಗರಿಯಾದ ಕೆಂಪೆಲೆಗಳು ಚಿಗುರುತ್ತವೆ. ಕಹಿ ಮೆದುವಾಗುತ್ತದೆ, ಆದರೆ ಅಳಿಯುವುದಿಲ್ಲ. 1996ರಲ್ಲಿ ಯೂರೋಪಿಯನ್ ಒಕ್ಕೂಟವು ಈ ಸೊಪ್ಪಿನ ಹೆಸರಿಗೆ ರಕ್ಷಣೆ ನೀಡಿತು.

ಮಾಡುವ ಬಗೆ ಸರಳ. ನಾಲ್ವರಿಗೆ 800 ಗ್ರಾಂ ಕುಂಬಳ ಸಾಕು. ಸಿಪ್ಪೆ, ಬೀಜ ತೆಗೆದು ಎರಡು ಬೆರಳು ದಪ್ಪದ ಹೋಳು ಮಾಡಿ, ಎಣ್ಣೆ, ಉಪ್ಪು ಸವರಿ, ಒಂದರ ಮೇಲೊಂದು ಬೀಳದಂತೆ ಹರಡಬೇಕು. 200 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್ನಿನಲ್ಲಿ ಸುಮಾರು 35 ನಿಮಿಷ, ಅಂಚು ಕಂದುವವರೆಗೆ ಸುಡಬೇಕು. ನೀರಿನಂಶ ಆರಿದಂತೆ ಸಿಹಿ ಗಟ್ಟಿಗೊಳ್ಳುತ್ತದೆ. 200 ಗ್ರಾಂ ಸೊಪ್ಪನ್ನು ತೊಳೆದು, ನೀರು ಚೆನ್ನಾಗಿ ಒರೆಸಿ ಹರಿದಿಡಬೇಕು. ಮೂರು ಚಮಚ ಆಲಿವ್ ಎಣ್ಣೆ, ಒಂದು ಚಮಚ ವಿನೆಗರ್, ಉಪ್ಪು, ಕರಿಮೆಣಸಿನ ಪುಡಿಗಳನ್ನು ಕದಡಿ, ಬಡಿಸುವ ಹೊತ್ತಿಗಷ್ಟೇ ಸೊಪ್ಪಿಗೆ ಬೆರೆಸಬೇಕು. ಕುಂಬಳ ಬಿಸಿಯಾಗಿದ್ದರೆ ಎಲೆ ಬಾಡುತ್ತದೆ. ಆದುದರಿಂದ ಉಗುರುಬೆಚ್ಚಗಾದ ಮೇಲೆ ಸೇರಿಸಿ, ಮೇಲೆ ಒಂದು ಹಿಡಿ ಅಕ್ರೋಟು ಚೂರು ಉದುರಿಸಬೇಕು.

ಉಪ್ಪು ಕಹಿಯ ಅನುಭವವನ್ನು ತಗ್ಗಿಸುತ್ತದೆ, ಎಣ್ಣೆ ಅದನ್ನು ಮೃದುಗೊಳಿಸುತ್ತದೆ, ಕುಂಬಳದ ಸಿಹಿ ಅದಕ್ಕೆ ಜೊತೆಯಾಗುತ್ತದೆ. ಕುಂಬಳವೊಂದೇ ಇದ್ದರೆ ನಾಲ್ಕು ತುತ್ತಿಗೆ ಮೊಗವೆತ್ತುತ್ತದೆ. ಸೊಪ್ಪೊಂದೇ ಇದ್ದರೆ ನಾಲಿಗೆ ಮುದುಡುತ್ತದೆ. ವಿರುದ್ಧ ಗುಣಗಳು ಪರಸ್ಪರ ನಾಶವಾಗದೆ ಒಂದನ್ನೊಂದು ಪೂರ್ಣಗೊಳಿಸಬಲ್ಲವು ಎಂಬ ತತ್ವಕ್ಕೆ ಇದಕ್ಕಿಂತ ಸುಲಭದ ನಿದರ್ಶನ ಬೇಕೇ?

ಪಾಸ್ಕ ಭೋಜನದಲ್ಲಿ ಕಹಿ ಸೊಪ್ಪನ್ನೂ ಉಣ್ಣಬೇಕೆಂದು ವಿಮೋಚನಾಕಾಂಡದ 12ನೇ ಅಧ್ಯಾಯ ವಿಧಿಸುತ್ತದೆ. ಬಿಡುಗಡೆಯ ಹಬ್ಬದಲ್ಲಿಯೂ ದಾಸ್ಯದ ಕಹಿ ಮರೆಯಾಗಬಾರದಾಗಿತ್ತು. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಸಾಲದ ಚಿಂತೆ, ಅಜ್ಜನ ಕಾಯಿಲೆ, ಕೈತಪ್ಪಿದ ಕೆಲಸ ಇವಾವುವೂ ಮಕ್ಕಳ ಕಿವಿಗೆ ಬೀಳದಂತೆ ಕಾಯುತ್ತೇವೆ. ಕಹಿಯನ್ನೇ ಅರಿಯದೆ ಬೆಳೆದ ಮಗುವಿಗೆ ಪರೀಕ್ಷೆಯ ಒಂದು ಸೋಲೂ ಬದುಕಿನ ಕೊನೆಯಂತೆ ಕಾಣುವುದರಲ್ಲಿ ಆಶ್ಚರ್ಯವೇನು? ಹಾಗೆಂದು ಕಠೋರ ಸತ್ಯವನ್ನು ಬರಿದೇ ಬಡಿಸುವುದೂ ವಿವೇಕವಲ್ಲ. ಅದನ್ನು ಪ್ರೀತಿಯೊಡನೆ, ಹೊತ್ತರಿತು, ವಯಸ್ಸಿಗೆ ತಕ್ಕಷ್ಟು ನೀಡಬೇಕು.

ಮೊದಲ ತುತ್ತಿಗೆ ಮುಖ ಕಿವಿಚುವ ಮಗುವಿನ ತಟ್ಟೆಯಿಂದ ಸೊಪ್ಪನ್ನು ಆಯ್ದು ಬದಿಗಿಡದಿರೋಣ. ಒಂದು ಹೋಳು ಕುಂಬಳದೊಡನೆ ಎರಡನೆಯ ತುತ್ತು ಕೊಟ್ಟು ನೋಡೋಣ.