ರೇಡಿಯೇಟರ್‌ಗೂ ಬೇಕು ರಬ್ಬರ್ ಕಾಲು!

ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಮನೆಯಲ್ಲೇ ಜೋಡಿಸಿ ಓಡಿಸುವ ಕಾರಿಗೆ ‘ಕಿಟ್ ಕಾರ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಆಗ ಅಲ್ಲಿ ಸಿದ್ಧವಾದ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು, ಕಿಟ್‌ಗೆ ಇರಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಕೂದಲು ನರೆಸಿಕೊಂಡ ನನಗೆ ಈ ಉಪಾಯ ಬಲು ಇಷ್ಟವಾಯಿತು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಸೇರಿತು.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಪಕ್ಕದ ಮನೆಯ ಅಜ್ಜ ಮತ್ತು ಮೊಮ್ಮಗಳು ಗ್ಯಾರೇಜಿನಲ್ಲಿ ಇಂಥದೇ ಕಾರು ಕಟ್ಟುತ್ತಿದ್ದರು. ಅಂದು ರೇಡಿಯೇಟರ್ ಕೂರಿಸುವ ಕೆಲಸ. ಹುಡುಗಿ ಸ್ಪ್ಯಾನರ್ ಹಿಡಿದು, ಇನ್ನಷ್ಟು ಬಿಗಿ ಮಾಡಲೇ ಎಂದು ಕೇಳಿದಳು. ಅಜ್ಜ ಬೇಡವೆಂದು ತಲೆಯಾಡಿಸಿದರು. ಯಾಕೆ ಗೊತ್ತೇ ಮಕ್ಕಳೇ?

ಎಂಜಿನ್‌ನಲ್ಲಿ ಕಾದ ನೀರು ರೇಡಿಯೇಟರ್‌ನ ತೆಳು ಕೊಳವೆಗಳಲ್ಲಿ ಹರಿಯುತ್ತಾ ಗಾಳಿಗೆ ತಣ್ಣಗಾಗಿ ಹಿಂತಿರುಗುತ್ತದೆ. ಕಾರು ಓಡುವಾಗ ಅದರ ಕಬ್ಬಿಣದ ಚೌಕಟ್ಟು ಹಳ್ಳದಿಣ್ಣೆಗಳಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಸದಾ ಅದುರುತ್ತದೆ. ರೇಡಿಯೇಟರನ್ನು ಅದಕ್ಕೆ ನೇರವಾಗಿ ಬೋಲ್ಟ್ ಹಾಕಿ ಬಿಗಿದರೆ ಆ ಎಳೆತವೆಲ್ಲ ತೆಳು ಲೋಹದ ಮೇಲೆ ಬಿದ್ದು, ಬೆಸುಗೆ ಬಿರುಕು ಬಿಡುತ್ತದೆ. ನೀರು ಸೋರಿ ಹೋದರೆ ಎಂಜಿನ್ ಕಾದು ಕೆಟ್ಟೇಹೋದೀತು.

ಅದಕ್ಕೇ ನಡುವೆ ರಬ್ಬರ್. ಕೆಳಗಿನ ಎರಡು ಗೂಟಗಳು ರಬ್ಬರ್ ಬಳೆಗಳಲ್ಲಿ ಕೂತು ಭಾರ ಹೊರುತ್ತವೆ. ಮೇಲಿನ ಎರಡು ಹಿಡಿಗಳು ರಬ್ಬರ್ ಗುಂಡಿಗಳ ಮೂಲಕ ಅದು ಮುಂದಕ್ಕೆ ಹಿಂದಕ್ಕೆ ವಾಲದಂತೆ ತಡೆಯುತ್ತವೆ. ಅದುರಾಟಕ್ಕೆ ಸಡಿಲವಾಗದಿರಲು ಒಳಗೆ ನೈಲಾನ್ ಉಂಗುರವಿರುವ ನಟ್ ಹಾಕುತ್ತಾರೆ. ರಬ್ಬರ್ ಅಪ್ಪಚ್ಚಿಯಾಗುವಷ್ಟು ತಿರುಗಿಸಿದರೆ ಅದು ಇದ್ದೂ ಇಲ್ಲದಂತೆ. ನೀರಿನ ಪೈಪುಗಳ ಮೇಲೆ ಭಾರ ಬೀಳಬಾರದು, ಫ್ಯಾನಿನ ರೆಕ್ಕೆ ತಾಗಬಾರದು. ಸುತ್ತಲಿನ ಸಂದುಗಳನ್ನೂ ಮುಚ್ಚಬೇಕು, ಇಲ್ಲವಾದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳಿಬಿಡುತ್ತದೆ.

ಎಲ್ಲ ಮುಗಿದ ಮೇಲೆ ಅಜ್ಜ ಮೊಮ್ಮಗಳ ಕೈಯಿಂದಲೇ ರೇಡಿಯೇಟರನ್ನು ಮೆಲ್ಲನೆ ತಳ್ಳಿಸಿದರು. ಅದು ಕೂದಲೆಳೆಯಷ್ಟು ಅಲುಗಿ, ಮತ್ತೆ ತನ್ನ ಜಾಗಕ್ಕೆ ಬಂತು. ಹುಡುಗಿಯ ಮುಖ ಅರಳಿತು. ಭದ್ರತೆಯೆಂದರೆ ಕಟ್ಟಿಹಾಕುವುದು ಎಂದುಕೊಳ್ಳುವ ನಮ್ಮಂಥ ಹಿರಿಯರಿಗೂ ಅದರಲ್ಲೊಂದು ಪಾಠವಿತ್ತು ಅನ್ನಿ!

ನಿಮ್ಮ ಅಡುಗೆಮನೆಯ ಮಿಕ್ಸಿಯನ್ನು, ಪ್ಲಗ್ ತೆಗೆಸಿದ ಮೇಲೆ, ಎತ್ತಿ ನೋಡಿ. ಅಡಿಯಲ್ಲಿ ಪುಟ್ಟ ರಬ್ಬರ್ ಕಾಲುಗಳಿವೆ. ಅವುಗಳದೂ ಇದೇ ಕೆಲಸ.

ಇನ್ನೊಂದು ಮಾತನ್ನು ಮರೆಯಬೇಡಿ. ರೇಡಿಯೇಟರ್‌ನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಆದ್ದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಇಳಿದು, ನೀರು ತಟ್ಟನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಯಾವ ಕಾರೇ ಆಗಲಿ, ಎಂಜಿನ್ ಪೂರ್ತಿ ಆರುವವರೆಗೆ ಆ ಮುಚ್ಚಳವನ್ನು ಮಕ್ಕಳೂ ಮುಟ್ಟಬಾರದು, ಅಜ್ಜಂದಿರೂ ಮುಟ್ಟಬಾರದು.